ಹನ್ನೊಂದು ಜಿಬಿ ಮತ್ತು ಒಂದು ಗುಡುಗಿನ ಸಂಜೆ

ಮೊನ್ನೆ ಕ್ಲಸ್ಟರ್ ಮೀಟಿಂಗಿನಲ್ಲಿ ಊಟದ ಹೊತ್ತಿಗೆ ಪಕ್ಕದ ಶಾಲೆಯ ಟೀಚರ್ ಒಬ್ಬರು ಕೇಳಿದರು, "ನಿಮ್ಮ ಮನೆಯಲ್ಲಿ ಸರ್ವರ್ ಉಂಟಂತೆ, ಹೌದಾ? ಅದನ್ನು ಇಟ್ಟುಕೊಂಡು ಏನು ಮಾಡ್ತೀರಿ ಮಾರಾಯ್ರೆ?" ಸರ್ವರ್ ಎಂದರೆ ನಮ್ಮವರಿಗೆಲ್ಲ ಗೊತ್ತಿರುವುದು ಒಂದೇ, ರೇಷನ್ ಅಂಗಡಿಯಲ್ಲೋ ಬ್ಯಾಂಕಿನಲ್ಲೋ "ಸರ್ವರ್ ಡೌನ್, ನಾಳೆ ಬನ್ನಿ" ಎನ್ನುವಾಗ ಕೇಳುವ ಹೆಸರು. ಅಂಥದ್ದೊಂದು ಮನೆಯೊಳಗೆ ಇದೆ ಎಂದರೆ ನಗು ಬರುವುದು ಸಹಜ. ಅವರಿಗೆ ಅಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ಬಂದೆವು. ಪೂರ್ತಿ ಉತ್ತರ ಇಲ್ಲಿ ಬರೆಯೋಣ ಅನ್ನಿಸಿತು. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಬೇಕು.

ನಾವು ಎಂದರೆ ನಾವಿಬ್ಬರು. ಒಂದೇ ಮನೆಯವರು, ಈಗ ಬೇರೆ ಬೇರೆ ಸರಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡುವವರು. ಇಬ್ಬರೂ ತಲಪಾಡಿ ದಾಟಿ ಹೋಗಿ ಟಿ.ಸಿ.ಎಚ್. ಮಾಡಿದವರು, ಆಮೇಲೆ ಕೆಲಸದಲ್ಲಿದ್ದುಕೊಂಡೇ ಬಿ.ಎ. ಮುಗಿಸಿದವರು. ಕಂಪ್ಯೂಟರ್ ಕಲಿತದ್ದು ಕಾಲೇಜಿನಲ್ಲಿ ಅಲ್ಲ, ತರಬೇತಿಗಳಲ್ಲಿ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತಲ್ಲ, ಮುಂದೆ 2017ರಲ್ಲಿ ಅದೇ ಕೈಟ್ ಆಯಿತಲ್ಲ, ಅದರ ದೆಸೆಯಿಂದ ಕಾಸರಗೋಡಿನ ಮಾಷ್ಟ್ರುಗಳೆಲ್ಲ ಲಿನಕ್ಸ್ ಎಂಬ ಹೆಸರನ್ನು ಬೇರೆ ಕಡೆಯವರಿಗಿಂತ ಮೊದಲೇ ಕೇಳಿದವರು. ಕಪ್ಪು ಪರದೆಯ ಟರ್ಮಿನಲ್ ಕಂಡರೆ ನಮಗೆ ಅಷ್ಟೊಂದು ಹೆದರಿಕೆ ಇಲ್ಲದಿರುವುದಕ್ಕೆ ಅದೇ ಕಾರಣ. ಸ್ವಲ್ಪ ಹೆದರಿಕೆ ಇರಬೇಕಿತ್ತು ಎಂಬುದು ಮುಂದೆ ಗೊತ್ತಾಗುತ್ತದೆ!

ನಮ್ಮ ಸರ್ವರ್ ಎಂದರೆ ದೊಡ್ಡದೇನಲ್ಲ. ಪೇಟೆಯಲ್ಲಿ ಮುಚ್ಚಿದ ಒಂದು ಸೈಬರ್ ಕೆಫೆಯಿಂದ 2019ರಲ್ಲಿ ಏಳು ಸಾವಿರಕ್ಕೆ ತಂದ ಹಳೆಯ ಡೆಸ್ಕ್‌ಟಾಪ್. 8 ಜಿಬಿ ರ‍್ಯಾಮ್, ನಾವು ಆಮೇಲೆ ಹಾಕಿಸಿದ 120 ಜಿಬಿಯ ಒಂದು ಎಸ್‌ಎಸ್‌ಡಿ. ಅಟ್ಟಕ್ಕೆ ಹತ್ತುವ ಮೆಟ್ಟಿಲಿನ ಕೆಳಗೆ, ಅಡಿಕೆ ಗೋಣಿ ಇಡುತ್ತಿದ್ದ ಜಾಗದಲ್ಲಿ ಅದರ ವಾಸ. ಅದರೊಳಗೆ ಡೆಬಿಯನ್ ಲಿನಕ್ಸ್, ಅದರ ಮೇಲೆ ನಾಲ್ಕು ವರ್ಚುವಲ್ ಮಷಿನ್‌ಗಳು. ಅಂದರೆ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ನಾಲ್ಕು ಕಂಪ್ಯೂಟರುಗಳು. ಒಂದರಲ್ಲಿ ಶಾಲೆಯ ಗ್ರಂಥಾಲಯದ ಪಟ್ಟಿ, ಕೋಹಾ ಎಂಬ ಮುಕ್ತ ತಂತ್ರಾಂಶದಲ್ಲಿ. ಒಂದರಲ್ಲಿ ಮಕ್ಕಳು ರಜೆಯಲ್ಲಿ ಬಂದು ಹಾಳುಮಾಡಲಿಕ್ಕೆಂದೇ ಇಟ್ಟ ಲಿನಕ್ಸ್. ಒಂದು ನಮ್ಮ ಪ್ರಯೋಗಕ್ಕೆ. ನಾಲ್ಕನೆಯದು ವಿಂಡೋಸ್ ಎಕ್ಸ್‌ಪಿ.

ಎಕ್ಸ್‌ಪಿ ಯಾಕೆ? ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಆದ್ದರಿಂದ ನಾವೂ ಅದಕ್ಕೆ ನೆಟ್ ಕೊಟ್ಟಿಲ್ಲ, ಒಳಗೇ ಕೂತಿರುತ್ತದೆ. ಆದರೆ ಅದನ್ನು ಬಿಡುವ ಹಾಗಿರಲಿಲ್ಲ. 2002ರಿಂದ 2013ರವರೆಗೆ, ಆಗ ಇಬ್ಬರೂ ಒಂದೇ ಶಾಲೆಯಲ್ಲಿದ್ದೆವು, ವರ್ಷಕ್ಕೊಂದರಂತೆ ಮಕ್ಕಳ ಸಂಚಿಕೆ ತಂದಿದ್ದೆವು. ಹನ್ನೆರಡು ಸಂಚಿಕೆಗಳು. ಮಕ್ಕಳು ಬರೆದು ತರುವುದು, ನಾವು ರಾತ್ರಿ ಮನೆಯಲ್ಲಿ ಪೇಜ್‌ಮೇಕರಿನಲ್ಲಿ ಕೂಡಿಸುವುದು, ಜೆರಾಕ್ಸ್ ಮಾಡಿಸಿ ಹಂಚುವುದು. ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ಬರುವುದಿಲ್ಲ, ಆಗ ನಮಗೂ ಅದರ ಗೊಡವೆ ಇರಲಿಲ್ಲ. ಎಲ್ಲ ನುಡಿ ಫಾಂಟಿನಲ್ಲಿ, ಕೆಲವು ಬರಹದಲ್ಲಿ.

ಈ ಹಳೆಯ ಫಾಂಟುಗಳ ಕಥೆ ಅನುಭವಿಸಿದವರಿಗೇ ಗೊತ್ತು. ಅಲ್ಲಿ ಕನ್ನಡದ ಅಕ್ಷರ ನಿಜವಾಗಿ ಕನ್ನಡದ ಅಕ್ಷರವಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು. ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಒಂದು ದೊಡ್ಡ ಪಿ, ನಡುವೆ ಪೌಂಡಿನ ಚಿಹ್ನೆ, ಕೊನೆಗೆ ಸಣ್ಣ ಕ್ಯೂ, ಅಲ್ಲಲ್ಲಿ ತಲೆಯ ಮೇಲೆ ಗೀಟಿರುವ ಎ. ಹಾಗಾಗಿ ಆ ಕಡತಗಳನ್ನು ಬರೆದ ಹಾಗೆಯೇ ನೋಡಬೇಕಾದರೆ ಆ ಫಾಂಟೂ ಬೇಕು, ಆ ಪೇಜ್‌ಮೇಕರೂ ಬೇಕು, ಅದು ನಡೆಯುವ ವಿಂಡೋಸೂ ಬೇಕು. ಹಳೆಯ ಕಂಪ್ಯೂಟರ್ ಗುಜರಿಗೆ ಹೋಗುವ ಮೊದಲು ಅದನ್ನೆಲ್ಲ ಎಕ್ಸ್‌ಪಿಯ ವರ್ಚುವಲ್ ಮಷಿನ್ನಿಗೆ ತುಂಬಿಸಿದೆವು. ಸಿ.ಡಿ.ಗಳಲ್ಲೂ ಇತ್ತು. ಆದರೆ ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ, ಹೊರಗೆ ತೆಗೆದು ನೋಡಿದರೆ ಸಿ.ಡಿ.ಗಳ ಬೆನ್ನಿಗೆ ಬಳ್ಳಿಬಳ್ಳಿಯಾಗಿ ಬೂಷ್ಟು. ಗ್ರಂಥಾಲಯದ ಜೆರಾಕ್ಸ್ ಪ್ರತಿಗಳನ್ನು ಗೆದ್ದಲು ತಿಂದು ನಾಲ್ಕು ವರ್ಷದ್ದು ಮಾತ್ರ ಉಳಿದಿತ್ತು.

ಅದರಲ್ಲಿ ಅಂಥದ್ದೇನಿತ್ತು ಎಂದು ಕೇಳಬಹುದು. ಮಹಾಕಾವ್ಯವೇನೂ ಇರಲಿಲ್ಲ. 'ನನ್ನ ಪ್ರವಾಸ', 'ನಮ್ಮ ಮನೆಯ ನಾಯಿ' ಇವೇ ಜಾಸ್ತಿ. ಆದರೆ ಪ್ರತಿವರ್ಷ ಒಂದು ಕೆಲಸ ಕೊಡುತ್ತಿದ್ದೆವು: ಮನೆಯ ಅಜ್ಜಿ ಅಜ್ಜನ ಹತ್ತಿರ ಕೂತು ಏನಾದರೂ ಕೇಳಿ ಬರೆದು ತರಬೇಕು. ಹಾಗೆ ಬಂದ ಒಗಟುಗಳು, ಗದ್ದೆಗಳ ಹೆಸರುಗಳು, ಯಾವ ಬೈಲಿನಲ್ಲಿ ಯಾವ ಭತ್ತ, ಯಾವ ಮಜಲಿನಲ್ಲಿ ಎಷ್ಟು ಬೆಳೆ, ಬೆಟ್ಟು ಗದ್ದೆಗೆ ನೀರು ಎಲ್ಲಿಂದ, ಹಲಸಿನ ಬೀಜ ಮಣ್ಣು ಮೆತ್ತಿ ಇಡುವುದು ಹೇಗೆ... ತುಳು ಮನೆಮಾತಿನವರು, ಮಲಯಾಳ ಮನೆಮಾತಿನವರು, ಮರಾಟಿ, ಕೊಂಕಣಿಯವರು, ಎಲ್ಲರೂ ಶಾಲೆಯ ಕನ್ನಡದಲ್ಲಿ ಬರೆದದ್ದು. ಆ ಗದ್ದೆಗಳಲ್ಲಿ ಅರ್ಧಕ್ಕರ್ಧ ಈಗ ರಬ್ಬರು, ಕೆಲವು ಹೆದ್ದಾರಿ 66 ಅಗಲವಾದಾಗ ಡಾಮರಿನ ಕೆಳಗೆ ಹೋದವು. ಹೇಳಿದ ಅಜ್ಜಿಯಂದಿರಲ್ಲಿ ಈಗ ಇರುವವರು ಬಹಳ ಕಡಿಮೆ.

ಇದೆಲ್ಲ ಇದ್ದದ್ದು ಒಂದೇ ಒಂದು ಕಡತದೊಳಗೆ. ಅದರ ಗಾತ್ರ 11 ಜಿಬಿ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ವರ್ಚುವಲ್ ಮಷಿನ್ನಿಗೆ ತನ್ನದೇ ಹಾರ್ಡ್ ಡಿಸ್ಕ್ ಇದೆ ಎಂದು ಭ್ರಮೆ. ನಿಜಕ್ಕೂ ಅದು ಹೊರಗಿನ ಕಂಪ್ಯೂಟರಿನಲ್ಲಿರುವ ಒಂದು ದೊಡ್ಡ ಕಡತ. ಅದಕ್ಕೆ ವಾಲ್ಯೂಮ್ ಎನ್ನುತ್ತಾರೆ, ಅವನ್ನೆಲ್ಲ ಇಟ್ಟ ಜಾಗಕ್ಕೆ ಪೂಲ್. 'ರಾ' ಎಂಬ ಬಗೆಯಲ್ಲಿ ಬೇಕಾದರೆ ಇಡೀ ಜಾಗವನ್ನು ಮೊದಲೇ ಕಾದಿರಿಸಬಹುದು. ನಾವು ಬಳಸುವುದು ಕ್ಯೂಕೌ2 ಎಂಬ ಬಗೆ. ಅದರಲ್ಲಿ ನಲವತ್ತು ಜಿಬಿಯ ಡಿಸ್ಕ್ ಎಂದು ಬರೆದುಕೊಟ್ಟರೂ ಒಳಗಿನವರು ಎಷ್ಟು ಬರೆದಿದ್ದಾರೋ ಸುಮಾರು ಅಷ್ಟೇ ಜಾಗ ಹಿಡಿಯುತ್ತದೆ.

ಮಧ್ಯಾಹ್ನದ ಊಟದ ಲೆಕ್ಕ ನೋಡಿಕೊಂಡ ಮಾಷ್ಟ್ರುಗಳಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹಾಜರಿ ಪುಸ್ತಕದಲ್ಲಿ 120 ಮಕ್ಕಳು, ಅನ್ನ ಬೇಯಿಸುವುದು ಆ ದಿನ ಬಂದ 97ಕ್ಕೆ. ಎಲ್ಲರ ಹೆಸರಿಗೂ ಊಟ ಉಂಟು, ಆದರೆ ಎಲ್ಲರೂ ಒಂದೇ ದಿನ ಬಂದು ಕೂತರೆ ಪಾತ್ರೆಯ ತಳ ಕಾಣುತ್ತದೆ. ನಾವು ಎಕ್ಸ್‌ಪಿಗೆ 40, ಗ್ರಂಥಾಲಯಕ್ಕೆ 60, ಮಕ್ಕಳ ಮಷಿನ್ನಿಗೆ 50, ಪ್ರಯೋಗದ್ದಕ್ಕೆ 30, ಹೀಗೆ 180 ಜಿಬಿ ಮಾತು ಕೊಟ್ಟು ಕೂತಿದ್ದೆವು. ಕೈಯಲ್ಲಿದ್ದದ್ದು, ಕಂಪ್ಯೂಟರಿನ ಲೆಕ್ಕದಲ್ಲಿ, 111. ನಾಲ್ಕು ವರ್ಷ ಏನೂ ಆಗಲಿಲ್ಲ. ಏನೂ ಆಗದಿದ್ದಾಗ ನಾವು ಜಾಣರೆಂದು ನಮಗೇ ಅನ್ನಿಸತೊಡಗುತ್ತದೆ.

ಇನ್ನೊಂದು ವಿಷಯ. ಈ ಕಡತಗಳು ಬೆಳೆಯುತ್ತವೆ, ತಾನಾಗಿ ಕುಗ್ಗುವುದಿಲ್ಲ. ಒಳಗೆ ಕೂತು ಐದು ಜಿಬಿಯ ವೀಡಿಯೋ ಅಳಿಸಿದರೂ ಹೊರಗಿನ ಕಡತ ಅಷ್ಟೇ ದಪ್ಪ. ಒಳಗಿನ ವ್ಯವಸ್ಥೆ 'ಈ ಜಾಗ ಖಾಲಿ' ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಹೊರಗಿನವರಿಗೆ ಹೇಳುವುದಿಲ್ಲ. ಲಿನಕ್ಸ್ ಮಷಿನ್ನುಗಳಲ್ಲಿ ಡಿಸ್ಕಿಗೆ ಡಿಸ್ಕಾರ್ಡ್ ಎಂಬ ಆಯ್ಕೆ ಹಾಕಿ ಒಳಗೆ ಎಫ್‌ಎಸ್‌ಟ್ರಿಮ್ ಓಡಿಸಿದರೆ ಆ ಸುದ್ದಿ ಹೊರಗೆ ತಲುಪುತ್ತದೆ, ಜಾಗ ವಾಪಸ್ ಬರುತ್ತದೆ. ಎಕ್ಸ್‌ಪಿಗೆ ಆ ಭಾಷೆಯೇ ಗೊತ್ತಿಲ್ಲ, ಅದು ವಿಂಡೋಸಿಗೆ ಬಂದದ್ದು ವಿಂಡೋಸ್ 7ರಲ್ಲಿ. ಎಕ್ಸ್‌ಪಿಗಿರುವ ದಾರಿ ಎಂದರೆ ಒಳಗಿನ ಖಾಲಿ ಜಾಗಕ್ಕೆಲ್ಲ ಸೊನ್ನೆ ಬರೆಯುವುದು, ಆಮೇಲೆ ಮಷಿನ್ ಆರಿಸಿ ಹೊರಗಿನಿಂದ ಕಡತವನ್ನು ಹೊಸದಾಗಿ ನಕಲು ಮಾಡುವುದು. ನಕಲು ಮಾಡುವಾಗ ಸೊನ್ನೆಗಳನ್ನು ಬಿಟ್ಟುಬಿಡುತ್ತದೆ, ಕಡತ ಸಣ್ಣದಾಗುತ್ತದೆ.

2023ರ ಅಕ್ಟೋಬರದ ಒಂದು ಶನಿವಾರ ಸಂಜೆ ನಾವು ಅದನ್ನೇ ಮಾಡಲು ಕೂತದ್ದು. ಖಾಲಿ ಉಳಿದದ್ದು 14 ಜಿಬಿ ಮಾತ್ರ, ಸ್ವಲ್ಪ ಗುಡಿಸಿ ಒರೆಸೋಣ ಎಂದು. ಎಕ್ಸ್‌ಪಿಯೊಳಗೆ ಸೊನ್ನೆ ಬರೆಯುವ ಕೆಲಸ ಶುರು ಮಾಡಿ ಚಾ ಕುಡಿಯಲು ಹೋದೆವು.

ತಪ್ಪು ಅಲ್ಲೇ ಇತ್ತು. ಒಳಗೆ ಖಾಲಿ ಇದ್ದದ್ದು ಮೂವತ್ತು ಜಿಬಿ. ಅಷ್ಟಕ್ಕೂ ಸೊನ್ನೆ ಬರೆಯುವುದೆಂದರೆ ಅದೂ ಬರೆಯುವುದೇ ತಾನೆ? ನಾವೇನೂ ಬೇರೆ ಹೇಳದಿದ್ದರೆ ಸೊನ್ನೆಗೂ ಕಡತ ಜಾಗ ಕೊಡುತ್ತದೆ. ಸಣ್ಣದಾಗುವ ಮೊದಲು ಅದು ಉಬ್ಬುತ್ತದೆ. ಚಾ ಕುಡಿದು ಬರುವಾಗ 14 ಜಿಬಿ ಮುಗಿದು ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಎಕ್ಸ್‌ಪಿಯ ಪರದೆ ಹಾಗೇ ನಿಂತಿತ್ತು, ಮೌಸ್ ಅಲ್ಲಾಡುತ್ತಿರಲಿಲ್ಲ. ಹಾಳಾಯಿತು ಎಂದುಕೊಂಡೆವು. ನಿಜವಾಗಿ ಅದು ಹಾಳಾದದ್ದಲ್ಲ. ಬರೆಯಲು ಜಾಗ ಇಲ್ಲವೆಂದಾಗ ಮಷಿನ್ನನ್ನು ಇದ್ದಲ್ಲೇ ತಡೆದು ನಿಲ್ಲಿಸುವುದು ಆ ವ್ಯವಸ್ಥೆಯ ಕ್ರಮ. ಪಾಪ, ಅದು ಕಾಯುತ್ತಾ ಇತ್ತು.

ಹೊರಗೆ ಪೂರ್ವದಲ್ಲಿ ಮೋಡ ಕಟ್ಟಿತ್ತು. ತುಲಾ ಮಾಸದ ಮಳೆ ನಿಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಬಿಸಿಲು, ಸಂಜೆ ಐದಾದರೆ ಗುಡುಗು ಸಿಡಿಲು.

ತಕ್ಷಣ ಸ್ವಲ್ಪ ಜಾಗ ಮಾಡಬೇಕು, ಏನು ಅಳಿಸೋಣ ಎಂದು ಪಟ್ಟಿ ನೋಡಿದೆವು. ಎಕ್ಸ್‌ಪಿಯ ಹೆಸರಿನಲ್ಲಿ ಎರಡು ಕಡತಗಳಿದ್ದವು. ಒಂದರ ಹೆಸರಿನ ಬಾಲದಲ್ಲಿ 'ಹೊಸತು' ಎಂದಿತ್ತು, ತಾರೀಕು ಇವತ್ತಿನದು. ಇನ್ನೊಂದಕ್ಕೆ ಬಾಲವಿಲ್ಲ, ತಾರೀಕು ಜೂನ್ ತಿಂಗಳದ್ದು, ಗಾತ್ರ 11 ಜಿಬಿ. ಒಂದು ಹೊಸತು ಎಂದಾದ ಮೇಲೆ ಇನ್ನೊಂದು ಹಳತೇ ತಾನೆ, ನಾಲ್ಕು ತಿಂಗಳಿಂದ ಯಾರೂ ಮುಟ್ಟಿಲ್ಲ. ಅಳಿಸಿದೆವು. ಎಂಟರ್ ಒತ್ತಿದ್ದು ಯಾರು ಎಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗದ ವಿಷಯ. ಆದ್ದರಿಂದ ಇಲ್ಲಿ 'ನಾವು ಒತ್ತಿದೆವು' ಎಂದೇ ಬರೆಯುತ್ತೇವೆ.

ಜೂನ್ ತಿಂಗಳಲ್ಲಿ ಏನಾಗಿತ್ತೆಂದರೆ, ನುಡಿಯನ್ನು ಯುನಿಕೋಡಿಗೆ ಬದಲಿಸುವ ಒಂದು ತಂತ್ರಾಂಶ ಹಾಕಿ ನೋಡುವ ಮೊದಲು, ಎಡವಟ್ಟಾದರೆ ಹಿಂದಕ್ಕೆ ಬರಲು ಇರಲಿ ಎಂದು ಒಂದು ಸ್ನ್ಯಾಪ್‌ಶಾಟ್ ತೆಗೆದಿದ್ದೆವು. ಅದಕ್ಕೆ ನಾವೇ ಇಟ್ಟ ಹೆಸರು 'ಹೊಸತು'. ತೆಗೆದದ್ದನ್ನು ಮರೆತೂಬಿಟ್ಟೆವು. ಈ ಬಗೆಯ ಸ್ನ್ಯಾಪ್‌ಶಾಟ್ ಎಂದರೆ ಇನ್ನೊಂದು ಪ್ರತಿ ಅಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಹಾಗೆ ತಿಳಿದವರು ನಾವು ಮಾತ್ರ ಅಲ್ಲ. ಪಠ್ಯಪುಸ್ತಕ ಅಚ್ಚಾದ ಮೇಲೆ ತಿದ್ದುಪಡಿಯ ಚೀಟಿ ಬರುತ್ತದಲ್ಲ, 'ಪುಟ 14, ಸಾಲು 6, ಹೀಗೆ ಓದಿಕೊಳ್ಳಿ' ಎಂದು? ಸ್ನ್ಯಾಪ್‌ಶಾಟ್ ತೆಗೆದ ಗಳಿಗೆಯಿಂದ ಹಳೆಯ ಕಡತ ಪುಸ್ತಕದಂತೆ ಹಾಗೇ ನಿಂತುಬಿಡುತ್ತದೆ, ಅದಕ್ಕೆ ಯಾರೂ ಬರೆಯುವುದಿಲ್ಲ. ಮುಂದಿನ ಬದಲಾವಣೆಗಳೆಲ್ಲ ಹೊಸ ಕಡತಕ್ಕೆ, ಅಂದರೆ ಚೀಟಿಗೆ. ಚೀಟಿಯಲ್ಲಿ ಇಲ್ಲದ್ದನ್ನೆಲ್ಲ ಮಷಿನ್ ಪುಸ್ತಕದಿಂದ ಓದುತ್ತದೆ. ನಾಲ್ಕು ತಿಂಗಳು ತಾರೀಕು ಬದಲಾಗದಿದ್ದದ್ದು ಬೇಡವಾದದ್ದಕ್ಕಲ್ಲ, ಅದರ ಮೇಲೆ ಎಲ್ಲ ನಿಂತದ್ದಕ್ಕೆ. ನಾವು ಚೀಟಿ ಇಟ್ಟುಕೊಂಡು ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿದ್ದೆವು.

ಆ ಹೊತ್ತಿಗೆ ಅದು ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಸಣ್ಣ ಅನುಮಾನದಿಂದ. 11 ಜಿಬಿ ಅಳಿಸಿದ ಮೇಲೂ ಡಿಸ್ಕ್ ನೂರಕ್ಕೆ ನೂರು ತುಂಬಿದೆ ಎಂದೇ ತೋರಿಸುತ್ತಿತ್ತು. ಮತ್ತೆ ನೋಡಿದೆವು, ಅಷ್ಟೇ. ಹಾಗಾದರೆ ಎಕ್ಸ್‌ಪಿಯನ್ನು ಒಮ್ಮೆ ಬಲವಂತವಾಗಿ ಆರಿಸಿ ಹಚ್ಚೋಣ ಎಂದು ಫೋರ್ಸ್ ಆಫ್ ಮೇಲೆ ಬಾಣದ ಗುರುತು ತಂದಿಟ್ಟೆವು.

ಒತ್ತಲಿಲ್ಲ. ಹಿಂದೆ ಒಮ್ಮೆ ಶಾಲೆಯ ಲ್ಯಾಬಿನಲ್ಲಿ ಹೀಗೇ ಆಗಿತ್ತು. ಯಾವುದೋ ದಾಖಲೆಯ ಕಡತ ಬೆಳೆದು ಡಿಸ್ಕ್ ತುಂಬಿ, ಅದನ್ನು ಅಳಿಸಿದರೂ ಜಾಗ ಬಂದಿರಲಿಲ್ಲ. ತರಬೇತಿಗೆ ಬಂದವರೊಬ್ಬರು ಆಗ ಹೇಳಿದ್ದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು: ಲಿನಕ್ಸಿನಲ್ಲಿ ಅಳಿಸುವುದು ಎಂದರೆ ಕಡತದ ಹೆಸರನ್ನು ಪಟ್ಟಿಯಿಂದ ತೆಗೆಯುವುದು. ಯಾವುದಾದರೂ ಕಾರ್ಯಕ್ರಮ ಅದನ್ನು ತೆರೆದುಕೊಂಡು ಕೂತಿದ್ದರೆ ಅದು ಬಿಡುವ ತನಕ ಕಡತದ ಮೈ ಡಿಸ್ಕಿನಲ್ಲೇ ಇರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದು ಹಾಕಿದರೂ ಹುಡುಗ ಬೆಂಚಿನಲ್ಲೇ ಕೂತಿದ್ದಾನೆ, ಗಂಟೆ ಹೊಡೆದು ಎದ್ದು ಹೋದ ಮೇಲೇ ಜಾಗ ಖಾಲಿ.

ಹಾಗಾದರೆ 'ಹಳತನ್ನು' ಯಾರು ತೆರೆದುಕೊಂಡು ಕೂತಿದ್ದಾರೆ? ತೆರೆದಿರುವ ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್‌ಒಎಫ್ ಎಂಬ ಆದೇಶ ಕೊಟ್ಟು ನೋಡಿದರೆ, ಎಕ್ಸ್‌ಪಿಯನ್ನು ನಡೆಸುತ್ತಿದ್ದ ಕಾರ್ಯಕ್ರಮದ ಎದುರಿಗೇ ಆ ಕಡತದ ಹೆಸರು, ಪಕ್ಕದಲ್ಲಿ 'ಅಳಿಸಲಾಗಿದೆ' ಎಂದು. ಕೈಕಾಲು ತಣ್ಣಗಾಯಿತು. ಆ ಫೋರ್ಸ್ ಆಫ್ ಒತ್ತಿದ್ದರೆ ಅದೇ ಕೊನೆಯ ಗಂಟೆ.

ಅಷ್ಟರಲ್ಲಿ ಮೊದಲನೆಯ ಗುಡುಗು. ಒಳಗಿನಿಂದ ಅಮ್ಮ, "ಗುಡುಗು ಬರ್ತಾ ಉಂಟು, ಆ ಪೆಟ್ಟಿಗೆಯ ವಯರು ತೆಗೆದಾಯ್ತಾ?"

ನಮ್ಮ ಮನೆಯ ಕಾನೂನು ಅದು. ಗುಡುಗಿದರೆ ಟಿ.ವಿ., ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ ತೆಗೆಯಬೇಕು. ಸುಮ್ಮನೆ ಮಾಡಿದ ಕಾನೂನಲ್ಲ, 2011ರಲ್ಲಿ ಒಂದು ಟಿ.ವಿ., 2016ರಲ್ಲಿ ಮೋಡೆಮ್ ಮತ್ತು ಫ್ರಿಜ್ಜಿನ ಸ್ಟೆಬಿಲೈಸರ್ ಸುಟ್ಟ ಮೇಲೆ ಆದದ್ದು. ತೆಗೆದರೆ ಯುಪಿಎಸ್ ಬ್ಯಾಟರಿ ಹದಿನೈದು ನಿಮಿಷ ಹಿಡಿಯಬಹುದು, ಬ್ಯಾಟರಿಗೆ ಎರಡು ವರ್ಷ ದಾಟಿದೆ. ತೆಗೆಯದಿದ್ದರೆ ಸಿಡಿಲು ಎಲ್ಲವನ್ನೂ ಒಟ್ಟಿಗೇ ಕೊಂಡುಹೋಗಬಹುದು. ನಕಲು ಮಾಡಲು ಕೈಯಲ್ಲಿರುವುದು ಹಳೆಯ ಯುಎಸ್‌ಬಿ ಕಿಂಡಿಯ ಒಂದು ಹೊರಗಿನ ಡಿಸ್ಕ್. ಸೆಕೆಂಡಿಗೆ 25 ಎಂಬಿ ಸಿಕ್ಕರೂ 11 ಜಿಬಿಗೆ ಏಳೂವರೆ ನಿಮಿಷ ಬೇಕು.

"ತೆಗೀತೇವೆ ಅಮ್ಮ" ಎಂದೆವು. ನೆಟ್ಟಿನ ಕೇಬಲ್ ಎಳೆದು ಹಾಕಿದೆವು. ಹೊರಗಿನ ಡಿಸ್ಕ್ ಸಿಕ್ಕಿಸಿದೆವು. ಲಿನಕ್ಸಿನಲ್ಲಿ ಪ್ರತಿಯೊಂದು ಕಾರ್ಯಕ್ರಮ ತೆರೆದಿಟ್ಟ ಕಡತಗಳಿಗೆ ಪ್ರೋಕ್ ಎಂಬ ಜಾಗದಲ್ಲಿ ಒಂದೊಂದು ಸಂಖ್ಯೆಯ ಬಾಗಿಲಿರುತ್ತದೆ. ಕಾರ್ಯಕ್ರಮದ ಸಂಖ್ಯೆ, ಅದರೊಳಗೆ ಎಫ್‌ಡಿ, ಅದರೊಳಗೆ ಕಡತದ ಸಂಖ್ಯೆ. ಹೆಸರು ಹೋದ ಕಡತವನ್ನೂ ಆ ಬಾಗಿಲಿನಿಂದ ಓದಬಹುದು. ಮೂರು ಸಲ ಸಂಖ್ಯೆ ಸರಿ ನೋಡಿ ನಕಲು ಮಾಡುವ ಆದೇಶ ಕೊಟ್ಟೆವು. ಒಬ್ಬರು ಟಾರ್ಚ್ ಹಿಡಿದರು, ಒಬ್ಬರು ಗೋಡೆಯ ಪ್ಲಗ್ ಎಳೆದರು. ಯುಪಿಎಸ್ ಬೀಪ್ ಬೀಪ್ ಎನ್ನತೊಡಗಿತು. ಬ್ಯಾಟರಿ ಉಳಿಯಲಿ ಎಂದು ಮಾನಿಟರನ್ನೂ ಆರಿಸಿದೆವು.

ಮತ್ತೆ ನೋಡಲು ಉಳಿದದ್ದು ಹೊರಗಿನ ಡಿಸ್ಕಿನ ಸಣ್ಣ ದೀಪ ಒಂದೇ. ಮೆಟ್ಟಿಲಿನ ಕೆಳಗೆ, ಅಡಿಕೆಯ ವಾಸನೆಯ ನಡುವೆ, ನೆಲದ ಮೇಲೆ ಕೂತು ಆ ದೀಪ ಮಿನುಗುವುದನ್ನು ನೋಡುತ್ತಿದ್ದೆವು. ಹೊರಗೆ ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಮಾತಿಲ್ಲ. ಒಮ್ಮೆ ಮಾತ್ರ ಒಬ್ಬರು, "2004ರದ್ದರ ಜೆರಾಕ್ಸ್ ಯಾರ ಹತ್ತಿರವಾದರೂ ಇದ್ದೀತಾ?" ಎಂದರು. ಇನ್ನೊಬ್ಬರು ಉತ್ತರ ಕೊಡಲಿಲ್ಲ. ಎಂಟನೆಯ ನಿಮಿಷ ಕಳೆದು ಸ್ವಲ್ಪದರಲ್ಲಿ ದೀಪದ ಮಿನುಗು ನಿಂತಿತು. ಮಾನಿಟರ್ ಹಚ್ಚಿದೆವು. ಆದೇಶ ಮುಗಿದು ಗುರುತು ಹೊಸ ಸಾಲಿನಲ್ಲಿ ಕಾಯುತ್ತಿತ್ತು, ದೋಷದ ಮಾತಿಲ್ಲ. ಇಂಥ ಕಡತಕ್ಕೆ ತಪ್ಪು ಹುಡುಕುವ ಪರೀಕ್ಷೆಯೊಂದಿದೆ, ಓಡಿಸಿದೆವು. ತಪ್ಪಿಲ್ಲ ಎಂದಿತು.

ಪುಸ್ತಕದ ಪ್ರತಿ ಕೈಗೆ ಸಿಕ್ಕಿತು, ಚೀಟಿ ಮಾತ್ರ ಇನ್ನೂ ಒಳಗೇ ಇತ್ತು. ಎಕ್ಸ್‌ಪಿಯನ್ನು ಸರಿಯಾಗಿ ಎಬ್ಬಿಸಿ ಸರಿಯಾಗಿ ಮಲಗಿಸಬೇಕಿತ್ತು. ಅದಕ್ಕೆ ಸ್ವಲ್ಪ ಜಾಗ ಬೇಕು. ಹುಡುಕಿದರೆ ಅದೇ ಪೂಲಿನಲ್ಲಿ ಲಿನಕ್ಸ್ ಹಾಕಲು ಇಳಿಸಿಕೊಂಡಿದ್ದ ನಾಲ್ಕು ನಾಲ್ಕು ಜಿಬಿಯ ಎರಡು ಐಎಸ್‌ಒ ಕಡತಗಳು, ಬೇಕೆಂದಾಗ ಯಾವಾಗಲೂ ನೆಟ್ಟಿನಿಂದ ಸಿಗುವಂಥವು. ಮೊದಲೇ ಅವನ್ನು ಅಳಿಸಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ! ಅವನ್ನು ತೆಗೆದು ಮಷಿನ್ ಮುಂದುವರಿಸಿದೆವು. ಅದು ನಿಂತಲ್ಲಿಂದಲೇ ಎದ್ದು ಮತ್ತೆ ಸೊನ್ನೆ ಬರೆಯತೊಡಗಿತು. ಓಡಿ ಹೋಗಿ ಅದನ್ನು ನಿಲ್ಲಿಸಿ, ಎಕ್ಸ್‌ಪಿಯನ್ನು ಕ್ರಮವಾಗಿ ಶಟ್‌ಡೌನ್ ಮಾಡುವಾಗ ಯುಪಿಎಸ್ಸಿನ ಬೀಪು ಎಡೆಬಿಡದ ಕೂಗಾಗಿತ್ತು. ಸರ್ವರನ್ನೂ ಆರಿಸಿದೆವು. ಆ ರಾತ್ರಿ ಅದನ್ನು ಮುಟ್ಟಲಿಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಪುಸ್ತಕವನ್ನು ಅದರ ಹಳೆಯ ಹೆಸರಿನಲ್ಲಿ ಹಳೆಯ ಜಾಗದಲ್ಲೇ ಇಟ್ಟೆವು, ಚೀಟಿ ಹುಡುಕುವುದು ಅದೇ ವಿಳಾಸದಲ್ಲಿ. ಎರಡನ್ನೂ ಒಟ್ಟುಗೂಡಿಸಿ ಹೊರಗಿನ ಡಿಸ್ಕಿಗೆ ಒಂದೇ ಹೊಸ ಕಡತ ಮಾಡಿದೆವು. ಒಂದರೊಳಗೆ ಇನ್ನೊಂದನ್ನು ಬರೆದು ಸೇರಿಸುವ ಆದೇಶವೂ ಇದೆ, ಆದರೆ ಆ ದಿನ ಮೂಲವನ್ನು ಮುಟ್ಟುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಸೊನ್ನೆಗಳೆಲ್ಲ ಬಿಟ್ಟುಹೋಗಿ ಹೊಸ ಕಡತ ಹತ್ತು ಜಿಬಿಗಿಂತ ಕಡಿಮೆ ಆಯಿತು. ಮೊದಲು ಬಯಸಿದ್ದೂ ಅದನ್ನೇ, ಹೇಳಿ. ಎಕ್ಸ್‌ಪಿ ಎದ್ದಿತು. ಹನ್ನೆರಡು ಸಂಚಿಕೆಗಳೂ ತೆರೆದವು.

ಆಮೇಲೆ ಕೆಲವು ಅಭ್ಯಾಸ ಬದಲಾಯಿತು. ಕಡತಕ್ಕೆ ಹೊಸತು, ಹಳತು, ಫೈನಲ್ ಎಂಬ ಹೆಸರು ನಮ್ಮ ಮನೆಯಲ್ಲಿ ನಿಷೇಧ. ವರ್ಷ ತಿಂಗಳು ದಿನ, ಮತ್ತು ಅದು ಯಾವುದರ ಮೇಲೆ ನಿಂತಿದೆ ಎಂಬುದನ್ನು ಹೆಸರಿನಲ್ಲೇ ಬರೆಯುತ್ತೇವೆ. ಸ್ನ್ಯಾಪ್‌ಶಾಟ್ ತೆಗೆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು, ಒಂದು ವಾರದೊಳಗೆ ಅದನ್ನು ಸೇರಿಸಬೇಕು ಇಲ್ಲವೇ ಬಿಡಬೇಕು. ಯಾವುದನ್ನೇ ಅಳಿಸುವ ಮೊದಲು ಕ್ಯೂಎಮು-ಇಮೇಜಿಗೆ ಬ್ಯಾಕಿಂಗ್ ಚೈನ್ ತೋರಿಸಲು ಹೇಳುತ್ತೇವೆ, ಯಾವುದರ ಬೆನ್ನಿಗೆ ಯಾವುದಿದೆ ಎಂದು ಸರಪಳಿಯಾಗಿ ಕಾಣುತ್ತದೆ. ಅಳಿಸುವುದೂ ನೇರವಾಗಿ ಅಲ್ಲ, ಬೇರೆ ಡಿಸ್ಕಿಗೆ ಸಾಗಿಸಿ ಹದಿನೈದು ದಿನ ಕಾಯುವುದು. ಮಾತು ಕೊಟ್ಟ ಜಾಗದ ಮೊತ್ತವನ್ನು ಸರ್ವರಿನ ಪೆಟ್ಟಿಗೆಗೇ ಚೀಟಿ ಅಂಟಿಸಿ ಬರೆದಿದ್ದೇವೆ. ಪ್ರಯೋಗದ ಮಷಿನ್ ತೆಗೆದುಬಿಟ್ಟೆವು, ಗ್ರಂಥಾಲಯದ್ದನ್ನು ಕಡಿಮೆ ಮಾಡಿದೆವು. ಕಡಿಮೆ ಮಾಡುವುದು ಹೆಚ್ಚಿಸಿದಷ್ಟು ಸುಲಭವಲ್ಲ. ಮೊದಲು ಒಳಗಿನ ವಿಭಾಗವನ್ನು ಕುಗ್ಗಿಸಿ ಆಮೇಲೆ ಹೊರಗಿನ ಡಿಸ್ಕನ್ನು ಕುಗ್ಗಿಸಬೇಕು, ಕ್ರಮ ತಪ್ಪಿದರೆ ಒಳಗಿರುವುದು ಕತ್ತರಿಸಿಹೋಗುತ್ತದೆ. ಹೆಚ್ಚಿಸುವಾಗ ಇದರ ತಿರುವು, ಮೊದಲು ಹೊರಗಿನದು, ಆಮೇಲೆ ಒಳಗಿನದು. ನಾವು ಗ್ರಂಥಾಲಯದ್ದನ್ನು ಕುಗ್ಗಿಸಲಿಲ್ಲ, ಸಣ್ಣ ಡಿಸ್ಕ್ ಹೊಸದಾಗಿ ಮಾಡಿ ಅದಕ್ಕೆ ಸಾಮಾನು ಸಾಗಿಸಿದೆವು. ನಿಧಾನ, ಆದರೆ ನಿದ್ದೆ ಬರುತ್ತದೆ.

ಪ್ರತಿ ಮೂರು ಕಡೆ ಇದೆ ಈಗ. ಸರ್ವರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಬೇರೆ ಊರಿನಲ್ಲಿರುವ ತಂಗಿಯ ಮನೆಯ ಕಪಾಟಿನಲ್ಲಿ ಒಂದು. ತಂಗಿಗೆ ಅದರಲ್ಲಿ ಏನಿದೆ ಎಂದು ಗೊತ್ತಿಲ್ಲ, ಆಭರಣದ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದಾಳಂತೆ.

ನಿಜವಾದ ಕೆಲಸ ಇದಲ್ಲ, ಅದು ಆ ರಾತ್ರಿಯೇ ಗೊತ್ತಾಯಿತು. ಒಂದು ಫಾಂಟಿಗೋಸ್ಕರ ಒಂದು ವಿಂಡೋಸನ್ನೇ ಜೀವ ಹಿಡಿದು ಇಟ್ಟುಕೊಳ್ಳುವುದಕ್ಕಿಂತ ಆ ಬರಹವನ್ನು ಯುನಿಕೋಡಿಗೆ ತಂದುಬಿಡಬೇಕು, ಯಾವ ಫೋನಿನಲ್ಲೂ ತೆರೆಯುವಂತೆ. ಪರಿವರ್ತಕಗಳು ಬಹುಪಾಲು ಸರಿಯಾಗಿಯೇ ಮಾಡುತ್ತವೆ. ತೊಡಕು ಬರುವುದು ಅರ್ಕಾವೊತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಇರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲು ಬರಬೇಕು. ಒತ್ತಕ್ಷರದ ಜೊತೆ ಬಂದಾಗ ಕೆಲವೊಮ್ಮೆ ಜಾಗ ತಪ್ಪುತ್ತದೆ. ಅದಕ್ಕೆ ಕಣ್ಣೇ ಬೇಕು. ರಾತ್ರಿ ಊಟವಾದ ಮೇಲೆ ಒಬ್ಬರು ಎಕ್ಸ್‌ಪಿಯ ಪುಟ ನೋಡಿ ಓದುವುದು, ಒಬ್ಬರು ಯುನಿಕೋಡಿನ ಪುಟದಲ್ಲಿ ತಿದ್ದುವುದು. ಮುಗಿದ ಸಂಚಿಕೆಗಳನ್ನು ಪ್ರಿಂಟ್ ತೆಗೆದು ಸ್ಪೈರಲ್ ಹಾಕಿಸಿ ಶಾಲೆಯ ಗ್ರಂಥಾಲಯಕ್ಕೂ ಕೊಟ್ಟಿದ್ದೇವೆ, ಈ ಸಲ ಕಬ್ಬಿಣದ ಕಪಾಟಿನಲ್ಲಿ. ಕನ್ನಡ ವಿಭಾಗದ ಒಂದನೇ ತರಗತಿಗೆ ಈ ವರ್ಷ ಸೇರಿದವರು ಒಂಬತ್ತು ಮಂದಿ. ಅವರಲ್ಲಿ ಇಬ್ಬರ ಅಮ್ಮಂದಿರು ಆ ಸಂಚಿಕೆಗಳಲ್ಲಿ ಬರೆದವರು. ಒಬ್ಬರು ಬಂದು ತಾವು ಬರೆದ ಪುಟವನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಅಕ್ಷರ ತಪ್ಪು ಹಾಗೇ ಇಟ್ಟಿದ್ದೀರಲ್ಲ ಟೀಚರ್ ಎಂದು ನಗಾಡಿದರು.

ಹತ್ತು ಸಂಚಿಕೆ ಮುಗಿದಿದೆ, ಎರಡು ಬಾಕಿ. ಈಗ 2007ರದ್ದರ 31ನೇ ಪುಟದಲ್ಲಿದ್ದೇವೆ. ಅಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಅಜ್ಜನಿಂದ ಕೇಳಿ ಬರೆದ ಹದಿನಾಲ್ಕು ಒಗಟುಗಳಿವೆ, ಕೊನೆಗೆ ಉತ್ತರ ಹದಿಮೂರು ಮಾತ್ರ. ಒಂಬತ್ತನೆಯದರ ಉತ್ತರ ಬಿಟ್ಟುಹೋದದ್ದು ಅವನ ಕೈಯಿಂದಲೋ ನಮ್ಮ ಕೈಯಿಂದಲೋ ತಿಳಿಯದು. ಹುಡುಗ ಈಗ ಗಲ್ಫಿನಲ್ಲಿದ್ದಾನೆ. ವಾಟ್ಸಾಪಿನಲ್ಲಿ ಕೇಳಿದ್ದೇವೆ. ಅವನಿಗೂ ನೆನಪಿಲ್ಲವಂತೆ, ಊರಿಗೆ ಫೋನ್ ಮಾಡಿ ಅಜ್ಜನ ತಮ್ಮನ ಹತ್ತಿರ ಕೇಳಿ ಹೇಳ್ತೇನೆ ಎಂದಿದ್ದಾನೆ.